ಹೆಗಡೆಯವರ ಓದುವ ಯಂತ್ರ

ತೀರ್ಥಹಳ್ಳಿಯಲ್ಲಿ ಪುಸ್ತಕ ಸತ್ತುಹೋಗಿದೆ ಎಂಬ ಸಂಗತಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಹೇರಂಬ ಹೆಗಡೆಯವರಿಗೆ. ಅದು ೧೯೮೨ರ ಮಾತು. ಉಳಿದವರಿಗೆ ಈ ಸಾವಿನ ಸುಳಿವೇ ಸಿಕ್ಕಿರಲಿಲ್ಲ. ಸಂಜೆ ನಾಲ್ಕೂವರೆಗೆ ಶಾರದಾ ವಾಚನಾಲಯದ ಬಾಗಿಲು ತೆರೆಯುತ್ತಿದ್ದಂತೆ ಜನ ಒಳಗೆ ನುಗ್ಗುತ್ತಿದ್ದರು. ಓದಿದ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ಓದದ್ದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಊರಿನ ಬಸ್ಸು ತಪ್ಪೀತೆಂದು ಓಡುತ್ತಿದ್ದರು. ಪಾಪ, ತಾವು ಹೆಣ ಹೊತ್ತುಕೊಂಡು ಓಡುತ್ತಿದ್ದೇವೆಂದು ಅವರಿಗೇನು ಗೊತ್ತು!

ಹೆಗಡೆಯವರು ಸಾಗರದ ಕಡೆಯವರು. ಮುಂಬಯಿಯಲ್ಲಿ ಯಂತ್ರ ತಯಾರಿಸುವ ಕಂಪೆನಿಯೊಂದರ ನಕ್ಷೆ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತರಾಗಿ, ಹೆಂಡತಿ ಮನೋರಮಾ ಅವರ ಅಕ್ಕನ ಮನೆ ಹತ್ತಿರವಾಗುತ್ತದೆಂದು ತೀರ್ಥಹಳ್ಳಿಯಲ್ಲಿ ಮನೆ ಕಟ್ಟಿಸಿದ್ದರು. ಬಂದ ಎಂಟನೆಯ ತಿಂಗಳಿಗೆ ವಾಚನಾಲಯದ ಅಧ್ಯಕ್ಷರಾಗಿ ಅವಿರೋಧವಾಗಿ ಆರಿಸಿಬಂದರು. ನಮ್ಮೂರಿನಲ್ಲಿ ಅಧ್ಯಕ್ಷಗಿರಿಗೆ ಬೇಕಾದ ಅರ್ಹತೆ ಎರಡೇ: ಕೈಯಲ್ಲಿ ಬೇಕಾದಷ್ಟು ಹೊತ್ತಿರಬೇಕು, ಊರಿನ ಯಾರ ಜೊತೆಗೂ ಇನ್ನೂ ಜಗಳವಾಗಿರಬಾರದು. ಹೊಸಬರಾದ್ದರಿಂದ ಹೆಗಡೆಯವರಿಗೆ ಎರಡೂ ಇದ್ದವು. ವಾಚನಾಲಯದ ಒಂದಾದರೂ ಪುಸ್ತಕ ಓದಿರಬೇಕೆಂಬ ನಿಯಮ ಬೈಲಾದಲ್ಲಿ ಎಲ್ಲೂ ಇರಲಿಲ್ಲ.

ವಾಚನಾಲಯವನ್ನು ನಿಜವಾಗಿ ನಡೆಸುತ್ತಿದ್ದವನು ವಾಸಪ್ಪ. ಕವಲೇದುರ್ಗದ ಕೆಳಗಿನ ಹಳ್ಳಿಯಿಂದ ಬಂದವನು, ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎಡವಿ ಬಿದ್ದು ಈ ಮೇಜಿನ ಹಿಂದೆ ಎದ್ದವನು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದ. ಯಾರು ಯಾವ ಪುಸ್ತಕ ಓದಿದ್ದಾರೆ ಎಂಬುದರ ಜೊತೆಗೆ, ಯಾರು ಯಾವುದನ್ನು ಓದದೆಯೇ ಓದಿದ್ದೇನೆಂದು ಹೇಳಿಕೊಂಡು ತಿರುಗುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ಈ ಎರಡನೆಯ ಜ್ಞಾನದಿಂದಾಗಿಯೇ ಸಮಿತಿಯ ಸದಸ್ಯರು ಅವನನ್ನು ಕೆಲಸದಿಂದ ತೆಗೆಯುವ ಗೋಜಿಗೆ ಹೋಗಿರಲಿಲ್ಲ.

ಆ ವರ್ಷದ ವಾರ್ಷಿಕ ಸಭೆಯಲ್ಲಿ ಹೆಗಡೆಯವರು ಕೋಟಿನ ಜೇಬಿನಿಂದ ಒಂದು ದುಂಡನೆಯ ತಗಡಿನ ಡಬ್ಬಿ ತೆಗೆದು ಎತ್ತಿ ಹಿಡಿದರು.

“ಇದರೊಳಗೆ ಏಳು ಪುಸ್ತಕ ಇದೆ,” ಎಂದರು.

ಡಬ್ಬಿ ಕೈಯಿಂದ ಕೈಗೆ ದಾಟಿತು. ಮೂರನೆಯ ಸಾಲಿನಲ್ಲಿದ್ದ ಯಜಮಾನರೊಬ್ಬರು ನಶ್ಯವೆಂದುಕೊಂಡು ಮುಚ್ಚಳ ತೆಗೆದು ಮೂಸಿ, ನಿರಾಶೆಯಿಂದ ಮುಂದಕ್ಕೆ ಕೊಟ್ಟರು. ಒಳಗಿದ್ದದ್ದು ಸುರುಳಿ ಸುತ್ತಿದ ಫಿಲ್ಮು. ಹೆಗಡೆಯವರು ವಿವರಿಸಿದರು: ಇದಕ್ಕೆ ಮೈಕ್ರೋಫಿಲ್ಮ್ ಎನ್ನುತ್ತಾರೆ. ಪುಸ್ತಕದ ಪುಟಗಳನ್ನೆಲ್ಲ ಸಾಸಿವೆಯಷ್ಟು ಚಿಕ್ಕದಾಗಿ ಫೋಟೋ ಹಿಡಿಯುವುದು, ಆಮೇಲೆ ಯಂತ್ರದಲ್ಲಿಟ್ಟು ಗಾಜಿನ ಪರದೆಯ ಮೇಲೆ ದೊಡ್ಡದಾಗಿ ನೋಡಿ ಓದುವುದು. ಅವರ ಕಂಪೆನಿಯಲ್ಲಿ ನಕ್ಷೆಗಳನ್ನೆಲ್ಲ ಹೀಗೇ ಇಡುತ್ತಿದ್ದರು. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಕಾಗದ ಜಾಗ ತಿನ್ನುತ್ತದೆ, ಎರಡು ಸಾವಿರದ ಇಸವಿಯ ಹೊತ್ತಿಗೆ ಕಾಗದದ ಪುಸ್ತಕವನ್ನು ಮಕ್ಕಳು ಮ್ಯೂಸಿಯಮ್ಮಿನಲ್ಲಿ ನೋಡಬೇಕಾಗುತ್ತದೆ. ಪ್ರಪಂಚದಲ್ಲೆಲ್ಲ ಇದು ಆಗಿಹೋಗಿದೆ, ತೀರ್ಥಹಳ್ಳಿಯೊಂದೇ ಹಿಂದೆ ಬಿದ್ದಿದೆ.

ತಾವು ಹಿಂದೆ ಬಿದ್ದಿದ್ದೇವೆಂದು ಕೇಳಿದೊಡನೆ ಸಭೆ ಚಪ್ಪಾಳೆ ತಟ್ಟಿತು.

ಮೇಗರವಳ್ಳಿಯ ದುಗ್ಗಮ್ಮ ಎದ್ದು ನಿಂತರು. ಐವತ್ತು ದಾಟಿದ ಈ ಹೆಂಗಸು ಪ್ರತಿ ಶನಿವಾರ ಬಸ್ಸಿನಲ್ಲಿ ಬಂದು ನಾಲ್ಕು ಕಾದಂಬರಿ ಒಯ್ದು ಮುಂದಿನ ಶನಿವಾರ ಮುಗಿಸಿ ತರುತ್ತಿದ್ದವರು.

“ಅಲ್ಲ ಹೆಗ್ಡೇರೆ, ಊಟ ಆದ್ಮೇಲೆ ಚಾಪೆ ಮೇಲೆ ಅಡ್ಡಾಗಿ ಓದಕ್ಕೆ ಆಗುತ್ತಾ ಇದು?”

“ಅಮ್ಮ, ಮಲಗಿ ಓದೋ ಕಾಲ ಮುಗೀತು.”

“ಮತ್ತೆ ಮನೆಗೆ ಕೊಡ್ತೀರಾ ಯಂತ್ರಾನ?”

“ನೀವೇ ಇಲ್ಲಿಗೆ ಬಂದು ಕೂತು ಓದಬೇಕು.”

“ಹಂಗಾರೆ ಹಾಲು ಕರಿಯೋದು ನೀವು ಬಂದು ಮಾಡ್ತೀರಾ?” ಎಂದರು ದುಗ್ಗಮ್ಮ. ನಗೆ ಎದ್ದಿತು. ನಗುತ್ತಲೇ ಸಭೆ ಯಂತ್ರದ ಠರಾವಿಗೆ ಕೈ ಎತ್ತಿತು. ನಮ್ಮಲ್ಲಿ ನಗುವುದಕ್ಕೂ ಕೈ ಎತ್ತುವುದಕ್ಕೂ ಸಂಬಂಧವಿಲ್ಲ.

ಹೆಚ್ಚು ಓದಿಸಿಕೊಂಡ ನೂರಿಪ್ಪತ್ತು ಪುಸ್ತಕಗಳನ್ನು ವಾಸಪ್ಪನೇ ಆರಿಸಿ ಟ್ರಂಕಿಗೆ ತುಂಬಿದ. ಹೆಗಡೆಯವರು ಅವನ್ನು ಮುಂಬಯಿಗೆ ಒಯ್ದು, ಹಳೆಯ ಸಹೋದ್ಯೋಗಿಗಳ ದಾಕ್ಷಿಣ್ಯದಿಂದ ಫಿಲ್ಮು ಮಾಡಿಸಿ, ಪುಸ್ತಕದ ಟ್ರಂಕು ಮತ್ತು ಹದಿನೆಂಟು ಡಬ್ಬಿಗಳೊಡನೆ ಹಿಂತಿರುಗಿದರು. ಕಂಪೆನಿಯವರು ಕೈಬಿಟ್ಟ ಒಂದು ಓದುವ ಯಂತ್ರವೂ ಅವರ ಹಿಂದೆಯೇ ಬಂತು. ಬಸ್ಸಿನ ಟಾಪಿನ ಮೇಲೆ, ಬಾಳೆಗೊನೆಗಳ ನಡುವೆ, ಗೋಣಿ ಹೊದ್ದುಕೊಂಡು ಭವಿಷ್ಯವು ತೀರ್ಥಹಳ್ಳಿಗೆ ಇಳಿಯಿತು.

ಯಂತ್ರಕ್ಕೆ ಕತ್ತಲೆ ಬೇಕು, ಜಾಗ ಬೇಕು. ಸಮಿತಿ ಸೇರಿ ಪುಸ್ತಕದ ಕಪಾಟುಗಳನ್ನೆಲ್ಲ ತೆರವು ಮಾಡಲು ನಿರ್ಧರಿಸಿತು. ಫಿಲ್ಮಾದ ನೂರಿಪ್ಪತ್ತು ಪುಸ್ತಕಗಳ ಅಗತ್ಯ ಇನ್ನಿಲ್ಲ, ಏಕೆಂದರೆ ಅವು ಡಬ್ಬಿಯಲ್ಲಿವೆ. ಉಳಿದ ನಾಲ್ಕು ಸಾವಿರದ ಅಗತ್ಯವೂ ಇಲ್ಲ, ಏಕೆಂದರೆ ಅಗತ್ಯವಿದ್ದಿದ್ದರೆ ಅವು ಡಬ್ಬಿಗೆ ಹೋಗುತ್ತಿದ್ದವು. ಇಷ್ಟು ಶುದ್ಧವಾದ ತರ್ಕವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹನ್ನೊಂದು ದಿನದ ಮೇಲೆ ಲಾರಿ ಬಂದು ಎಲ್ಲವನ್ನೂ ಕಾಗದ ಮಾಡುವ ಕಾರ್ಖಾನೆಗೆ ಒಯ್ಯುವುದೆಂದಾಯಿತು.

ವಾಸಪ್ಪ ಅಧ್ಯಕ್ಷರ ಮನೆಗೆ ಹೋದ.

“ಹೆಗ್ಡೇರೆ, ಅಷ್ಟನ್ನೂ ಕಳಿಸಬೇಕಾ? ಒಂದು ಕಪಾಟಾದ್ರೂ ಇಟ್ಕೊಳ್ಳಾಣ.”

“ವಾಸಪ್ಪ, ಎತ್ತಿನ ಗಾಡೀನೂ ಇರಲಿ, ಬಸ್ಸೂ ಇರಲಿ ಅಂದ್ರೆ ರಸ್ತೆ ಸಾಕಾಗಲ್ಲ.”

“ಎರಡೂ ಓಡಾಡ್ತಾನೇ ಇದಾವಲ್ಲ ಸ್ವಾಮಿ, ನಮ್ಮೂರ ರಸ್ತೇಲಿ.”

ಹೆಗಡೆಯವರು ಇದನ್ನು ಕೇಳಿಸಿಕೊಳ್ಳಲಿಲ್ಲ. ಕಾಫಿ ತಂದಿಟ್ಟ ಮನೋರಮಾ ಅವರು ಕೇಳಿಸಿಕೊಂಡರು. ವಾಸಪ್ಪ ಗೇಟು ದಾಟುವಾಗ ಹಿಂದಿನಿಂದ ಬಂದು, “ಬೈಲಾ ಓದಿದ್ದೀರಾ ವಾಸಪ್ಪ? ಇವರು ಓದಿಲ್ಲ,” ಎಂದಷ್ಟೇ ಹೇಳಿ ಒಳಗೆ ಹೋದರು.

ವಾಸಪ್ಪ ಅಲ್ಲಿರುವುದನ್ನೆಲ್ಲ ಓದಿದವನು, ಬೈಲಾ ಬಿಟ್ಟಿರುತ್ತಾನೆಯೇ? ಹದಿನಾಲ್ಕನೆಯ ನಿಯಮ ಹೀಗಿತ್ತು: ಸದಸ್ಯರಿಗೆ ಎರವಲು ಕೊಟ್ಟ ಪುಸ್ತಕವನ್ನು, ಅದು ಮರಳಿ ಬರುವ ತನಕ, ಸಮಿತಿಯು ವಿಲೇವಾರಿ ಮಾಡತಕ್ಕದ್ದಲ್ಲ. ಮರುದಿನದಿಂದ ಅವನು ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆದ. ಬಂದವರ ಕೈಗೆಲ್ಲ ಪುಸ್ತಕ ತುಂಬಿದ. ಒಬ್ಬರಿಗೆ ನಾಲ್ಕೇ ಎಂಬ ಲೆಕ್ಕ ಹಾರಿಹೋಯಿತು. ಹತ್ತು ಒಯ್ಯಿರಿ, ಇಪ್ಪತ್ತು ಒಯ್ಯಿರಿ, ಹಿಂದಕ್ಕೆ ಯಾವಾಗ? ನಾನು ಹೇಳಿ ಕಳಿಸಿದಾಗ. ಸಾರಿನ ಪುಡಿ ತರಲು ಪೇಟೆಗೆ ಬಂದವರು ನಿಘಂಟು ಹೊತ್ತು ಮನೆಗೆ ಹೋದರು. ದುಗ್ಗಮ್ಮ ಮಗನ ಜೀಪು ತಂದು ಐವತ್ತೆರಡು ಒಯ್ದರು.

“ನಿನ್ನ ಪುಸ್ತಕ ಅಲ್ಲ ವಾಸಪ್ಪ, ನನ್ನ ಮಕ್ಕಳು ಅಂದ್ಕೊ. ಒಂದು ಹಾಳೆ ಮಾಸಕ್ಕೆ ಬಿಡಲ್ಲ,” ಎಂದು ಕಣ್ಣೊರೆಸಿಕೊಂಡರು. ಎಲ್ಲರೂ ಹೆಚ್ಚುಕಡಿಮೆ ಹೀಗೆಯೇ ಹೇಳಿದರು. ಊರಿಗೆ ಊರೇ ಸಾಹಿತ್ಯದ ರಕ್ಷಣೆಗೆ ಸೊಂಟ ಕಟ್ಟಿದ್ದನ್ನು ಕಂಡು ವಾಸಪ್ಪ ಒಬ್ಬೊಬ್ಬರಿಗೂ ಇನ್ನೆರಡು ಹೆಚ್ಚಿಗೆ ಎತ್ತಿ ಕೊಟ್ಟ.

ಹನ್ನೆರಡನೆಯ ದಿನ ಬಂದ ಲಾರಿಗೆ ಸಿಕ್ಕಿದ್ದು ಹಳೆಯ ಪಂಚಾಂಗಗಳು ಮತ್ತು ಒಂದು ಮುರಿದ ಸ್ಟೂಲು. ಹೆಗಡೆಯವರ ಮುಖ ಕೆಂಪೇರಿತು. ವಾಸಪ್ಪ ಹದಿನಾಲ್ಕನೆಯ ನಿಯಮವನ್ನು ಅವರ ಮುಂದೆ ಬಿಚ್ಚಿ ಹಿಡಿದ. ಅವನನ್ನು ಕೆಲಸದಿಂದ ತೆಗೆದರೆ ಯಾವ ಪುಸ್ತಕ ಯಾರ ಮನೆಯಲ್ಲಿದೆಯೆಂದು ಹೇಳುವವರು ಇರುವುದಿಲ್ಲವೆಂಬುದು ಹೊಳೆದ ಮೇಲೆ ಸಮಿತಿ ಶಿಕ್ಷೆಯನ್ನು ಇಳಿಸಿ, ಅವನಿಗೆ ‘ಯಂತ್ರ ಸಹಾಯಕ’ ಎಂದು ಹೊಸ ಹುದ್ದೆ ಕೊಟ್ಟಿತು. ಲೆನ್ಸನ್ನು ಮಲ್ಲು ಬಟ್ಟೆಯಿಂದ ಒರೆಸುವುದು ಅವನ ಕೆಲಸ.

ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಎರಡು ನಿಮಿಷ ನೋಡಿ, “ಅದ್ಭುತ! ಪ್ರತಿ ಅಕ್ಷರವೂ ಎಷ್ಟು ಸ್ಪಷ್ಟ!” ಎಂದರು. ಅವರ ಬೆನ್ನಿಗೆ ನಿಂತಿದ್ದ ವಾಸಪ್ಪನಿಗೆ ಕಂಡದ್ದು ಬೇರೆ. ಅಧ್ಯಕ್ಷರು ಸ್ವಹಸ್ತದಿಂದ ಫಿಲ್ಮನ್ನು ಹಿಂದುಮುಂದಾಗಿ ಸಿಕ್ಕಿಸಿದ್ದರು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತಿದ್ದವು. ಸಮಾರಂಭ ಮುಗಿಯುವವರೆಗೆ ಅವನು ಬಾಯಿ ಬಿಡಲಿಲ್ಲ. ಸಹಾಯಕನ ಕೆಲಸ ಒರೆಸುವುದು ಮಾತ್ರ.

ಮೊದಲ ತಿಂಗಳು ಜನ ಸಾಲು ಹಿಡಿದು ನಿಂತರು. ಹಿಡಿಕೆ ತಿರುಗಿಸಿದರೆ ಪುಟಗಳು ಸರಸರನೆ ಓಡುವುದನ್ನು ನೋಡುವುದೇ ಒಂದು ಮೋಜು. ಆದರೆ ಒಮ್ಮೆಗೆ ಒಬ್ಬರೇ ಓದಬಹುದಿತ್ತು, ಅದೂ ಕರೆಂಟು ಇದ್ದಾಗ. ಕಾದಂಬರಿಯ ನಾಯಕಿ ಬಾವಿಕಟ್ಟೆ ಹತ್ತಿದಾಗ ಕರೆಂಟು ಹೋದರೆ, ಅವಳು ಮರುದಿನ ಸಂಜೆಯವರೆಗೆ ಕಟ್ಟೆಯ ಮೇಲೆಯೇ ನಿಂತಿರಬೇಕು. ದುಗ್ಗಮ್ಮ ಒಂದೇ ಸಲ ಕೂತರು. ಹತ್ತು ಪುಟವಾಗುವಷ್ಟರಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು, “ಹಿಂದಿನ ಸೀಟಲ್ಲಿ ಕೂತು ಆಗುಂಬೆ ಘಾಟಿ ಇಳ್ದಂಗೆ ಆಯ್ತು,” ಎಂದು ಹೊರಟುಹೋದರು. ಜೂನ್‌ನಲ್ಲಿ ಫಿಲ್ಮಿಗೆ ಬೂಸಲು ಹಿಡಿಯತೊಡಗಿತು. ಕಾಗದಕ್ಕೆ ಮಾತ್ರ ಹಿಡಿಯಬೇಕಾದ ಬೂಸಲು ಫಿಲ್ಮಿಗೇಕೆ ಹಿಡಿಯಿತೆಂದು ಹೆಗಡೆಯವರು ಮುಂಬಯಿಗೆ ಪತ್ರ ಬರೆದರು. ಉತ್ತರ ಬರುವ ಮೊದಲೇ ಬಲ್ಬು ಸುಟ್ಟಿತು. ಆ ಬಲ್ಬು ಶಿವಮೊಗ್ಗದಲ್ಲೂ ಸಿಗಲಿಲ್ಲ. “ಜನ ಇನ್ನೂ ತಯಾರಾಗಿಲ್ಲ,” ಎಂದು ಹೆಗಡೆಯವರು ಯಂತ್ರಕ್ಕೆ ಮತ್ತೆ ಗೋಣಿ ಹೊದಿಸಿದರು.

ಮರುವರ್ಷ ಆಗಸ್ಟ್‌ನಲ್ಲಿ, ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಜಾರಿ, ಅವರ ಎಡಗಾಲು ಎರಡು ಕಡೆ ಮುರಿಯಿತು. ಮೂರು ತಿಂಗಳು ಹಾಸಿಗೆ ಬಿಡಬಾರದೆಂದು ಡಾಕ್ಟರು ಹೇಳಿದರು. ಹೊರಗೆ ಮಳೆ, ಒಳಗೆ ಸಿಮೆಂಟಿನಂಥ ಕಾಲು. ರೇಡಿಯೋದಲ್ಲಿ ಕೃಷಿಕರಿಗೆ ಸಲಹೆ. ನಾಲ್ಕನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟಾಗ ಹೆಂಡತಿ ಕಿಟಕಿಯ ಬಳಿ ಕೂತು ಏನನ್ನೋ ತಿರುವಿಹಾಕುತ್ತಿದ್ದದ್ದು ಕಂಡಿತು.

“ಎಂತ ಓದ್ತಾ ಇದ್ದೆ?” ಎಂದು ಸಾಗರದ ಕಡೆಯ ಮನೆಮಾತಿನಲ್ಲಿ ಕೇಳಿದರು.

“ಪುಸ್ತಕ.”

“ಎಲ್ಲಿಂದ ಬಂತು ಅದು?”

“ನಿಂಗಳ ವಾಚನಾಲಯದ್ದೇ. ಇಪ್ಪತ್ತಾರು ಇದ್ದು, ಅಕ್ಕಿ ಡಬ್ಬದ ಹಿಂದೆ.”

“ನಂಗೆ ಹೇಳಿದ್ದೇ ಇಲ್ಲೆ!”

“ಹೇಳಿದ್ರೆ ಲಾರಿಗೆ ಹಾಕ್ತಿದ್ರಿ.”

ಹೆಗಡೆಯವರು ಗೋಡೆಯ ಕಡೆ ತಿರುಗಿಕೊಂಡರು. ಕಾಲು ತಿರುಗಲಿಲ್ಲವಾದ್ದರಿಂದ ಮತ್ತೆ ಈ ಕಡೆಗೇ ತಿರುಗಬೇಕಾಯಿತು.

“ಗಟ್ಟಿಯಾಗಿ ಓದು, ಕೇಳನ.”

“ಮಲಗಿ ಓದೋ ಕಾಲ ಮುಗತ್ತು ಹೇಳಿ ನಿಂಗಳೇ ಭಾಷಣ ಮಾಡಿದ್ರಿ.”

“ಓದದು ನೀನು. ನಾ ಬರೀ ಮಲಗಿದ್ದಿ.”

ಮನೋರಮಾ ಓದಿದರು. ಅದು ‘ಅತ್ತಿಮರದ ಸೊಸೆ’ ಎಂಬ ಎರಡು ಭಾಗದ ಕಾದಂಬರಿ. ಹೊಳೆಯಾಚೆಯ ಮನೆಗೆ ಮದುವೆಯಾಗಿ ಬಂದ ಹುಡುಗಿಯನ್ನು ಅತ್ತೆ ಒಂಬತ್ತು ವರ್ಷ ತವರಿಗೆ ಕಳಿಸುವುದಿಲ್ಲ. ಮುಂಬಯಿಯ ನಕ್ಷೆ ವಿಭಾಗದಲ್ಲಿ ಇಂಥ ಕಥೆಗಳಿರಲಿಲ್ಲ. ಎರಡನೆಯ ವಾರಕ್ಕೆ ಹೆಗಡೆಯವರು ಗಂಜಿಯ ತಟ್ಟೆ ಬದಿಗೆ ಸರಿಸಿ, “ಮೊದಲು ಅದು ಮುಗಿಸು,” ಎನ್ನತೊಡಗಿದರು. ಹೆಂಡತಿ ಒಲೆಯ ಮುಂದೆ ತಡಮಾಡಿದರೆ ತಾವೇ ಪುಸ್ತಕ ಎದೆಯ ಮೇಲೆ ನಿಲ್ಲಿಸಿಕೊಂಡು ಮುಂದುವರಿಸಿದರು. ಸೊಸೆ ಗಂಟು ಕಟ್ಟಿಕೊಂಡು ಹಿತ್ತಲ ಬಾಗಿಲ ಬಳಿ ನಿಂತಳು. ಅಲ್ಲಿಗೆ ಮೊದಲ ಭಾಗ ಮುಗಿಯಿತು.

“ಎರಡನೇದು ಎಲ್ಲಿದ್ದು?”

“ನಮ್ಮನೇಲಿ ಇಲ್ಲೆ. ಯಾರ ಮನೇಲಿ ಇದ್ದು ಹೇಳಿ ವಾಸಪ್ಪಂಗೇ ಗೊತ್ತು.”

ವಾಸಪ್ಪನಿಗೆ ಹೇಳಿ ಕಳಿಸಲಾಯಿತು. ಅವನು ಬಂದು ಹಾಸಿಗೆಯ ಪಕ್ಕ ನಿಂತು, ಅಧ್ಯಕ್ಷರ ಎದೆಯ ಮೇಲಿದ್ದ ಪುಸ್ತಕವನ್ನು ನೋಡಿ, ನೋಡದವನಂತೆ ಮುಖ ಮಾಡಿಕೊಂಡ.

“ನಂಗಲ್ಲ, ಮನೆಯವರಿಗೆ ಬೇಕಂತೆ,” ಎಂದರು ಹೆಗಡೆಯವರು.

“ಮೇಗರವಳ್ಳಿ ದುಗ್ಗಮ್ಮೋರ ಹತ್ರ ಇದೆ. ತರ್ತೀನಿ. ಹಂಗೇ ಉಳಿದ ಪುಸ್ತಕಾನೂ ವಾಪಸ್ ತರಲಾ?”

ಹೆಗಡೆಯವರು ಎದೆಯ ಮೇಲಿನ ಪುಸ್ತಕವನ್ನು ಮುಚ್ಚಿ ದಿಂಬಿನಡಿಗೆ ತಳ್ಳಿದರು. ಕೊನೆಗೆ, “ಕಪಾಟು ಹೇಗೂ ಖಾಲಿ ಇದೆ,” ಎಂದರು. ಒಬ್ಬ ಅಧ್ಯಕ್ಷರಿಂದ ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆಯನ್ನು ಯಾವ ಬೈಲಾವೂ ನಿರೀಕ್ಷಿಸುವುದಿಲ್ಲ.

ವಾಸಪ್ಪ ಹಬ್ಬಕ್ಕೆ ಹೊರಟವನಂತೆ ಹೊರಟ. ಹೊಸ ಅಂಗಿ ಹಾಕಿಕೊಂಡಿದ್ದ. ಮೊದಲ ಮನೆಯಲ್ಲಿ ನಿಘಂಟು ಹೊಲಿಗೆ ಯಂತ್ರದ ಕಾಲಿನಡಿ ಇತ್ತು. ಎತ್ತಿದರೆ ಯಂತ್ರ ಅಲುಗಾಡುತ್ತದೆಂದು ಮನೆಯವರು ನೊಂದುಕೊಂಡರು. ಎರಡನೆಯ ಮನೆಯಲ್ಲಿ ಹತ್ತು ಸಂಪುಟಗಳು ಅಟ್ಟದ ಮೇಲೆ ಅತ್ಯಂತ ಭದ್ರವಾಗಿದ್ದವು, ಗೆದ್ದಲಿನ ಪಾಲಿಗೆ. ಮೂರನೆಯ ಮನೆಯವರು ತಾವು ಪುಸ್ತಕ ಒಯ್ದದ್ದೇ ಇಲ್ಲವೆಂದು ದೇವರ ಮೇಲೆ ಆಣೆ ಹಾಕಿದರು. ಅವರ ಬೆನ್ನ ಹಿಂದಿನ ಗೂಡಿನಲ್ಲಿ ವಾಚನಾಲಯದ ಮೊಹರು ಹೊತ್ತ ಆರು ಬೆನ್ನುಗಳು ಕಾಣುತ್ತಿದ್ದವು. ಅಂದು ಕಣ್ಣೊರೆಸಿಕೊಂಡಿದ್ದವರೆಲ್ಲ ಇಂದು ಕಣ್ಣು ತಪ್ಪಿಸಿದರು. ಎರಡು ವಾರ ಬಸ್ಸು ಹತ್ತಿ ಇಳಿದು ಅವನು ಒಟ್ಟುಮಾಡಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹೊಸ ಪ್ರತಿಯಂತೆ ಹೊಳೆಯುತ್ತ ಬಂದವುಗಳು ಯಾರೂ ಯಾವ ಕಾಲಕ್ಕೂ ಓದದವು. ಹೆಗಡೆಯವರ ಲಾರಿ ಒಂದೇ ದಿನದಲ್ಲಿ ಮಾಡಲಿದ್ದ ಕೆಲಸದ ಅರ್ಧವನ್ನು ಪುಸ್ತಕಪ್ರೇಮಿಗಳು ಎರಡು ವರ್ಷದಲ್ಲಿ ಪ್ರೀತಿಯಿಂದ ಮಾಡಿ ಮುಗಿಸಿದ್ದರು.

ದುಗ್ಗಮ್ಮ ಐವತ್ತೆರಡರಲ್ಲಿ ನಲವತ್ತೊಂಬತ್ತನ್ನು ಜಗಲಿಯ ಮೇಲೆ ಜೋಡಿಸಿಟ್ಟು ಕಾದಿದ್ದರು.

“ಮೂರು ಕಡಿಮೆ ಇದೆ ವಾಸಪ್ಪ. ನಮ್ಮ ಸರೋಜ ಹೊಸನಗರಕ್ಕೆ ತಗೊಂಡು ಹೋದ್ಲು. ಬೈಬೇಡ.”

ವಾಸಪ್ಪ ಹೊಸನಗರಕ್ಕೆ ಹೋದ. ದುಗ್ಗಮ್ಮನ ಮಗಳು ಸರೋಜ ಒಳಗಿನಿಂದ ಎರಡು ಪುಸ್ತಕವನ್ನೂ, ಮೂರನೆಯದರ ರಟ್ಟಿನ ಹೊದಿಕೆಯನ್ನೂ ಮೂವತ್ತು ಚಿಲ್ಲರೆ ಹಾಳೆಗಳನ್ನೂ ತಂದು ಮುಂದಿಟ್ಟಳು. ‘ಅತ್ತಿಮರದ ಸೊಸೆ’, ಎರಡನೆಯ ಭಾಗ.

“ಉಳಿದದ್ದು ಎಲ್ಲಮ್ಮ?”

“ಎಂಥ ಮಾಡೋದು ವಾಸಪ್ಪಣ್ಣ? ನಾನು ಎರಡು ಸಲ ಓದ್ದೆ. ನಾದಿನಿ ಓದಿದ್ಲು. ಆಚೆಮನೆಯವರು, ಬಸ್ಟ್ಯಾಂಡ್ ಹತ್ರದವರು, ಟೀಚರಮ್ಮ, ಎಲ್ಲಾರೂ ಓದಿದ್ರು. ಹೊಲಿಗೆ ಬಿಟ್ಟೋಯ್ತು. ಆಮೇಲೆ ಕಾಯಕ್ಕೆ ಯಾರಿಗೂ ಪುರುಸೊತ್ತಿಲ್ಲ. ಒಬ್ರು ಓದಿ ಬಿಟ್ಟ ಹಾಳೆ ಇನ್ನೊಬ್ರು ಇಸ್ಕೊಂಡು ಹೋಗ್ತಿದ್ರು. ಹಂಗೇ ಚೆಲ್ಲಾಪಿಲ್ಲಿ ಆಯ್ತು.”

ವಾಸಪ್ಪ ಜಗಲಿಯ ಮೇಲೆ ಕೂತ. ಎರಡು ವಾರದಿಂದ ಗಂಟಲಲ್ಲಿ ನಿಂತಿದ್ದ ಬೈಗುಳವನ್ನು ಈ ಹೆಣ್ಣುಮಗಳ ಮೇಲೆ ಇಳಿಸಬೇಕೆಂದಿದ್ದ. ಹಾಳೆಗಳನ್ನು ತಿರುವಿದ. ಅಂಚುಗಳು ಬೆರಳು ತಾಗಿ ತಾಗಿ ಬಟ್ಟೆಯಂತೆ ಮೆತ್ತಗಾಗಿದ್ದವು. ಒಂದು ಕಡೆ ಅರಿಶಿನದ ಹೆಬ್ಬೆಟ್ಟು, ಇನ್ನೊಂದು ಕಡೆ, ಅತ್ತೆ ಸೊಸೆಗೆ ಬರೆ ಹಾಕುವಲ್ಲಿ, ಯಾರೋ ಪೆನ್ಸಿಲಿನಲ್ಲಿ ‘ಮುದುಕಿ ಹಾಳಾಗಿ ಹೋಗ’ ಎಂದು ಬರೆದಿದ್ದರು. ಬೈಗುಳ ಹೊರಗೆ ಬರಲೇ ಇಲ್ಲ.

“ಒಂದು ಲೋಟ ನೀರು ಕೊಡಮ್ಮ,” ಎಂದ. ಕುಡಿದು, ಹಾಳೆಗಳನ್ನು ಹೊದಿಕೆಯೊಳಗಿಟ್ಟು ದಾರ ಸುತ್ತಿಕೊಂಡು ಬಸ್ಸು ಹತ್ತಿದ.

ಹೆಗಡೆಯವರಿಗೆ ವಿಷಯ ತಿಳಿಸಿದಾಗ ಅವರು ಮಂಚದ ಮೇಲೆ ನೆಟ್ಟಗೆ ಕೂತರು. ಬೇರೆ ಪ್ರತಿ ಎಲ್ಲೂ ಇಲ್ಲವೇ? ಇಲ್ಲ, ಪ್ರಕಾಶಕರೇ ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಯಿತು. ಹಾಗಾದರೆ ಬಾಗಿಲ ಬಳಿ ನಿಂತವಳು?

“ಫಿಲ್ಮ್ ಇದೆ,” ಎಂದ ವಾಸಪ್ಪ. ಹೇಳಲು ಅವನಿಗೆ ಕಷ್ಟವಾಯಿತು. “ಒಂಬತ್ತನೇ ಡಬ್ಬಿ. ಬಲ್ಬ್ ತರಿಸಿದ್ರೆ ಓದಬಹುದು.”

ಬೇರೆ ದಿನವಾಗಿದ್ದರೆ ಹೆಗಡೆಯವರು ಇದರ ಮೇಲೆ ಒಂದು ಗಂಟೆ ಭಾಷಣ ಮಾಡುತ್ತಿದ್ದರು. ಅಂದು ಬರೀ ತಲೆಯಾಡಿಸಿ, ಇನ್ಲೆಂಡ್ ಕಾಗದ ತರಿಸಿ, ಮುಂಬಯಿಗೆ ಬರೆದರು. ಬಲ್ಬು ಪಾರ್ಸೆಲ್ಲಿನಲ್ಲಿ ಬರುವ ಹೊತ್ತಿಗೆ ಅವರು ಊರುಗೋಲು ಹಿಡಿದು ವಾಚನಾಲಯದವರೆಗೆ ನಡೆಯುವಂತಾಗಿದ್ದರು. ವಾಸಪ್ಪ ಒಂಬತ್ತನೆಯ ರೀಲನ್ನು ಬಿಚ್ಚಿ, ಉದ್ದಕ್ಕೂ ಮಲ್ಲು ಬಟ್ಟೆಯಿಂದ ಬೂಸಲು ಒರೆಸಿ, ಈ ಬಾರಿ ಸರಿಯಾದ ಕಡೆಯಿಂದ ತಾನೇ ಸಿಕ್ಕಿಸಿದ. ಕೆಲವು ಪುಟಗಳ ಮೂಲೆ ಹೋಗಿತ್ತು. ಕಥೆ ಇತ್ತು.

ಅವನು ಇನ್ನೂರು ಪುಟದ ನೋಟುಬುಕ್ಕು ತೆಗೆದು ಪಕ್ಕದಲ್ಲಿ ಕೂತ. ಒಂದು ಪುಟ ಪರದೆಯ ಮೇಲೆ ನಿಲ್ಲಿಸುವುದು, ಅದನ್ನು ಕೈಯಲ್ಲಿ ನಕಲು ಮಾಡಿಕೊಳ್ಳುವುದು, ಆಮೇಲೆ ಮುಂದಿನ ಪುಟ ಎಂದು ಇಬ್ಬರೂ ಒಪ್ಪಿಕೊಂಡರು. ಹಿಡಿಕೆ ಅಧ್ಯಕ್ಷರ ಕೈಯಲ್ಲಿ. ಮೂರನೆಯ ಪುಟಕ್ಕೇ ಒಪ್ಪಂದ ಮುರಿಯಿತು.

“ತಡೀರಿ ಹೆಗ್ಡೇರೆ, ಇನ್ನೂ ಆರು ಸಾಲು ಬರಿಯೋದಿದೆ!”

“ಆಮೇಲೆ ವಾಪಸ್ ತಿರುಗಿಸ್ತೀನಿ ಮಾರಾಯ. ಬಾಗಿಲು ದಾಟ್ತಾಳಾ ಇಲ್ವಾ, ಅದೊಂದು ಗೊತ್ತಾಗಲಿ.”

“ದಾಟ್ತಾಳೆ. ನಾನು ಓದಿದೀನಿ.”

“ಹೇಳಬೇಡಿ!” ಎಂದು ಹೆಗಡೆಯವರು ಊರುಗೋಲಿನಿಂದ ನೆಲ ಕುಟ್ಟಿದರು. “ಬಾಯಿ ಮುಚ್ಕೊಂಡು ಬರೀರಿ!”

ನಕಲು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಕರೆಂಟು ಹೋದಾಗಲೆಲ್ಲ ಇಬ್ಬರೂ ಕತ್ತಲೆಯಲ್ಲಿ ಕೂತು, ಆ ಅತ್ತೆಯನ್ನು ಏನು ಮಾಡಬೇಕಿತ್ತೆಂದು ಚರ್ಚಿಸಿದರು. ಕೊನೆಯ ಪುಟ ಬರೆದ ದಿನ ವಾಸಪ್ಪನ ಬಲಗೈ ಹೆಬ್ಬೆರಳು ಊದಿಕೊಂಡಿತ್ತು. ಅವನು ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿ ಒಂದು ವಾರ ರಜೆ ಕೇಳಿ ಊರಿಗೆ ಹೋದ.

ಆ ವಾರ ಮೇಜಿನ ಹಿಂದೆ ಹೆಗಡೆಯವರೇ ಕೂತರು. ಪತ್ತೇದಾರಿ ಕೇಳಿದವರಿಗೆಲ್ಲ, “ಅದು ಬಿಡಿ, ಮೊದಲು ಇದು ಓದಿ,” ಎಂದು ನೋಟುಬುಕ್ಕನ್ನೇ ಮುಂದಕ್ಕೆ ತಳ್ಳಿದರು. ನಾಲ್ಕು ದಿನಕ್ಕೆ ಹದಿಮೂರು ಜನ ಹೆಸರು ಬರೆಸಿ ಸರದಿಗೆ ನಿಂತರು. ಮೊದಲ ಹೆಸರು ಮನೋರಮಾ ಅವರದು. ಅವರು ನೋಟುಬುಕ್ಕು ಮನೆಗೆ ಒಯ್ದು, ಊಟದ ಪಾತ್ರೆಗಳನ್ನು ಹಾಗೆಯೇ ಬಿಟ್ಟು, ಚಾಪೆ ಬಿಡಿಸಿ ಅಡ್ಡಾದರು.